ಸವೆದ ಸೆಲ್ಲೇ ಬೇಕು

ಹಾ ಮೊಖೆತಿ, ಮೊಖೊಟ್ಲೊಂಗ್
೧೧ ಅಕ್ಟೋಬರ್ ೧೯೮೭

ನನ್ನ ಮಗಳು ಪುಲೆಂಗ್‌ಗೆ,

ನಿನ್ನ ಅವ್ವನ ಆಶೀರ್ವಾದ. ಮೊಣಕಾಲು ಒಂದನ್ನು ಬಿಟ್ಟರೆ ಉಳಿದ ಮೈಯೆಲ್ಲ ನೆಟ್ಟಗಿದೆ. ನೀನೂ ನಿನ್ನ ಶಾಲೆಯ ಮಕ್ಕಳೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಕಾಗದ ಬಂದು ಆರು ವಾರವಾಯಿತು. ಅದರ ಜೊತೆ ಕಳಿಸಿದ ಎಂಟು ಹೊಸ ಸೆಲ್ಲುಗಳೂ ತಲುಪಿದವು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀ. ಬಿತ್ತನೆ ಇತ್ತು, ಕುರಿಗಳ ಉಣ್ಣೆ ಕತ್ತರಿಸುವುದಿತ್ತು ಎಂದು ಬರೆದರೆ ನೀನು ನಂಬಿಬಿಡುತ್ತೀ. ಆದರೆ ಅದು ಸುಳ್ಳು. ಕಾಗದದ ಕೊನೆಯಲ್ಲಿ ನೀನು ಕೇಳಿದ್ದೆಯಲ್ಲ, ‘ಅಷ್ಟು ಕಾಯಿಲೆಯಿದ್ದೂ ಅಪ್ಪ ಯಾಕೆ ಮನೆಗೆ ಬರಲಿಲ್ಲ? ನಮಗಿಂತ ಆ ಗಣಿಯೇ ಹೆಚ್ಚಾಯಿತೇ?’ ಅಂತ. ಆ ಸಾಲಿಗೆ ಬಂದಾಗಲೆಲ್ಲ ಕಾಗದ ಮಡಿಸಿ ಬೈಬಲ್ಲಿನೊಳಗೆ ಇಟ್ಟುಬಿಡುತ್ತಿದ್ದೆ. ಆಗ ನನಗೂ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಬರೆಯುತ್ತೇನೆ, ಆದರೆ ನನ್ನದೇ ದಾರಿಯಲ್ಲಿ ಬರೆಯುತ್ತೇನೆ, ಅವಸರ ಮಾಡಬೇಡ.

ಮೊದಲು ಮನೆಯ ಸುದ್ದಿ. ಪೀಚ್ ಮರಗಳು ಹೂ ಬಿಟ್ಟಿದ್ದವು, ಆಲಿಕಲ್ಲು ಬಿದ್ದು ಅರ್ಧ ಉದುರಿಹೋಯಿತು. ಚುಕ್ಕೆ ಹಸು ಹೆಣ್ಣುಕರು ಹಾಕಿದೆ. ಆಗಸ್ಟಿನಲ್ಲಿ ಅಪ್ಪನ ವರ್ಷದ ಸೂತಕ ಮುಗಿಸಿ ನನ್ನ ಕಪ್ಪು ಬಟ್ಟೆ ತೆಗೆದು ಶುದ್ಧ ಮಾಡಿದರಲ್ಲ, ಅವತ್ತಿನಿಂದ ನೀನು ಹೊಲಿಸಿಕೊಟ್ಟ ನೀಲಿ ಅಂಗಿಯನ್ನೇ ಹಾಕುತ್ತಿದ್ದೇನೆ. ಪಕ್ಕದ ಮನೆಯ ಮಾಕಬೆಲೊ ನೋಡಿ, “ಏನಕ್ಕಾ, ಮದುವೆಗೆ ಗಂಡು ನೋಡೋಣ್ವಾ?” ಅಂದಳು. “ನಿನ್ನ ಗಂಡನ್ನೇ ಕೊಡು, ಗೊರಕೆ ಹೊಡೆಯೋದು ಬಿಡಿಸಿ ವಾಪಸ್ ಕಳಿಸ್ತೀನಿ” ಅಂದೆ. ಅವಳ ಬಾಯಿಗೆ ಬೀಗ ಹಾಕುವವರು ಈ ಊರಲ್ಲಿ ನಾನೊಬ್ಬಳೇ.

ಅದೇ ಮಾಕಬೆಲೊಳ ಮಗಳ ಮದುವೆ ಆಯಿತು. ನೀನು ಕಳಿಸಿದ್ದರಲ್ಲಿ ನಾಲ್ಕು ಸೆಲ್ಲು ಹಾಕಿಟ್ಟಿದ್ದೆ. ಟೇಪ್‌ರೆಕಾರ್ಡರ್ ಬೇಕು ಅಂತ ತೆಗೆದುಕೊಂಡು ಹೋದವಳು ಮೂರು ದಿನ ಹಗಲೂ ಸಂಜೆಯೂ ಹಾಡು ಹಾಕಿ ಕುಣಿಸಿ, ಸೆಲ್ಲುಗಳ ಜೀವ ಹಿಂಡಿ ವಾಪಸು ತಂದಳು. ಭಜನೆಯ ಕ್ಯಾಸೆಟ್ ಹಾಕಿದರೆ ಹುಡುಗಿಯರ ದನಿ ಎತ್ತು ಗುಟುರು ಹಾಕಿದ ಹಾಗೆ ಕೇಳುತ್ತಿತ್ತು. ನಾನು ಅವಳಿಗೆ ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ, ನೀನು ಟೀಚರು.

ಈಗ ಕ್ಯಾಸೆಟ್ಟಿನ ವಿಷಯ. ನಿನ್ನ ಅಪ್ಪ ಕಳಿಸಿದ ಕೊನೆಯ ಕ್ಯಾಸೆಟ್ ಬಂದಾಗ ನೀನು ತರಬೇತಿ ಶಾಲೆಯಲ್ಲಿದ್ದೆ. ಕಳೆದ ವರ್ಷದ ಫೆಬ್ರವರಿ. ಅಪ್ಪನ ಜೊತೆ ಗಡಿಯಾಚೆಯ ಗಣಿಯಲ್ಲಿದ್ದ ಲೆಬೆನ್ಯಾ ಚಿಕ್ಕಪ್ಪ ರಜೆಗೆ ಬಂದವನು ತಂದುಕೊಟ್ಟ. ಯಾವಾಗಲೂ ಮಾಡುವಂತೆ ಅಂಗಳದಲ್ಲಿ ಎಲ್ಲರೂ ಸುತ್ತ ಕೂತೆವು. ಅಪ್ಪ ಎಲ್ಲರ ಹೆಸರು ಹಿಡಿದು ಮಾತಾಡಿಸಿದರು, ಹಸು ಹೇಗಿದೆ ಕೇಳಿದರು, ಮನೆಗೆ ತಗಡು ಹೊದಿಸುವ ಮಾತಾಡಿದರು. “ನಿಮ್ಮ ದನಿ ಕೇಳಿ ಕೇಳಿನೇ ಸೆಲ್ಲು ಸವೆಸಿಬಿಟ್ಟಿದೀನಿ. ಹೊಸದು ತರೋಕೆ ಭಾನುವಾರ ಆಗ್ಬೇಕು, ಲೆಬೆನ್ಯಾ ನಾಳೇನೇ ಹೊರಡ್ತಾನೆ” ಅಂತಲೂ ಅಂದರು. ಆಮೇಲೆ ಅವರ ದನಿ ಬರಬರುತ್ತಾ ಸಣ್ಣಗಾಯಿತು, ಬೇಗಬೇಗ ಆಯಿತು. ಕೊನೆಗೆ ಕೋಳಿಮರಿ ಚಿಂವ್‌ಗುಟ್ಟಿದ ಹಾಗೆ. ಒಂದು ಮಾತೂ ತಿಳಿಯಲಿಲ್ಲ. ಅಂಗಳವೆಲ್ಲ ನಕ್ಕಿತು, ನಾನೂ ನಕ್ಕೆ.

ಅವರು ತೀರಿಕೊಂಡ ಮೇಲೆ ನಾನು ಆ ಕ್ಯಾಸೆಟ್ಟಿನ ಮೊದಲ ಅರ್ಧ ಮಾತ್ರ ಕೇಳುತ್ತಿದ್ದೆ. ದನಿ ಸಣ್ಣಗಾಗಲು ಶುರುವಾದ ಕೂಡಲೇ ನಿಲ್ಲಿಸುತ್ತಿದ್ದೆ. ಸತ್ತ ಗಂಡನ ದನಿ ಕೇಳಿ ನಗು ಬಂದೀತೆಂದು ಹೆದರಿಕೆ. ಆದರೆ ಮನಸ್ಸು ಕೊರೆಯುತ್ತಲೇ ಇತ್ತು. ಅಷ್ಟುದ್ದ ಏನು ಹೇಳಿದರು? ನೀನು ಆ ಪ್ರಶ್ನೆ ಬರೆದ ಮೇಲಂತೂ ಊಟ ರುಚಿಸದ ಹಾಗಾಯಿತು.

ಮದುವೆ ಮುಗಿದ ಮಾರನೆಯ ದಿನ ಅಂಗಳದಲ್ಲಿ ಬಿಯರಿಗೆಂದು ಮೊಳಕೆ ಜೋಳದ ಹಿಟ್ಟು ಕಲಸುತ್ತಿದ್ದೆ. ಬೇಜಾರಾಗಿ ಅಪ್ಪನ ಕ್ಯಾಸೆಟ್ ಹಾಕಿ ಕೂತೆ. ಸವೆದ ಸೆಲ್ಲು ತಾನೇ, ಅಪ್ಪ ನಮ್ಮೆಲ್ಲರ ಹೆಸರನ್ನೂ ಗುಹೆಯೊಳಗಿಂದ ಗೊಣಗಿದ ಹಾಗೆ ಎಳೆದೆಳೆದು ಹೇಳಿದರು. ನಿಲ್ಲಿಸೋಣವೆಂದರೆ ಮೊಣಕೈವರೆಗೆ ಹಿಟ್ಟು. ಓಡಲಿ ಹಾಳಾದ್ದು ಎಂದು ಬಿಟ್ಟೆ. ಹಾಗೆ ಓಡುತ್ತಾ ಓಡುತ್ತಾ ಆ ಗೊಣಗು ಸ್ವಲ್ಪ ಸ್ವಲ್ಪವೇ ತಿಳಿಯಾಯಿತು, ಮಗಳೇ. ಕೋಳಿಮರಿ ಕೂಗಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ನಿನ್ನ ಅಪ್ಪ ನನ್ನ ಹಿಂದೆ ನಿಂತು ಮಾತಾಡಿದ ಹಾಗೆ ಅವರದೇ ದನಿ. ನಾನು ತಿರುಗಿಯೇ ನೋಡಿದೆ. ಹಿಟ್ಟಿನ ಪಾತ್ರೆ ಉರುಳಿತು. ನನ್ನನ್ನೇ ಹೆಸರು ಹಿಡಿದು ಕರೆಯುತ್ತಿದ್ದರು.

“ಮಾಪುಲೆಂಗ್, ಜನ ಎಲ್ಲ ಎದ್ದು ಹೋದ್ಮೇಲೆ ಇದನ್ನ ಕೇಳು. ಕಾಗದ ಬರೆಯೋನ ಹತ್ರ ಹೇಳಿ ಬರೆಸೋ ಮಾತಲ್ಲ ಇದು, ಅವನ ಬಾಯಿ ಊರಗಲ. ಕಂಬಳಿ ಮುಸುಕು ಹಾಕ್ಕೊಂಡು ಹೇಳ್ತಿದೀನಿ. ನನ್ನ ಎದೆ ಸರಿಯಿಲ್ಲ. ಕೆಮ್ಮಿದ್ರೆ ರಕ್ತ ಬರ್ತಿದೆ…”

ಅಷ್ಟಕ್ಕೆ ಸೆಲ್ಲು ಪೂರ್ತಿ ಸತ್ತಿತು.

ನನಗೆ ಹುಚ್ಚು ಹಿಡಿದ ಹಾಗಾಯಿತು. ಉಳಿದಿದ್ದ ನಾಲ್ಕು ಹೊಸ ಸೆಲ್ಲು ಹಾಕಿದೆ, ಮತ್ತೆ ಚಿಂವ್ ಚಿಂವ್. ಕಿತ್ತು ಬಿಸಾಕಿ ಹಳೆಯವನ್ನೇ ಬಿಸಿಲಿನ ಬಂಡೆಯ ಮೇಲೆ ಕಾಯಿಸಿದೆ, ಹಲ್ಲಿನಿಂದ ಕಚ್ಚಿದೆ. ಎರಡು ಮಾತು ಬಂದು ಮತ್ತೆ ನಿಂತಿತು. ಆಮೇಲೆ ಹೊದೆದ ಕಂಬಳಿಯಲ್ಲೇ ಮನೆಮನೆಗೆ ಹೋದೆ. ನಮ್ಮೂರಿನ ಕಥೆ ನಿನಗೆ ಗೊತ್ತಲ್ಲ, ಟಾರ್ಚಿನಲ್ಲಿ ಮಂಕಾದ ಸೆಲ್ಲು ರೇಡಿಯೋಗೆ ಬರುತ್ತದೆ, ರೇಡಿಯೋದಲ್ಲಿ ಸೋತದ್ದು ಗಡಿಯಾರಕ್ಕೆ ಹೋಗುತ್ತದೆ, ಯಾರೂ ಬಿಸಾಡುವುದಿಲ್ಲ.

ಮೊದಲು ಹೋದದ್ದು ಮಾಕಬೆಲೊಳ ಮನೆಗೆ. ಅವಳು ಬಾಗಿಲಲ್ಲೇ ನಿಂತು, “ಊರೆಲ್ಲ ಹೊಸ ಸೆಲ್ಲು ಕೇಳಿದ್ರೆ ನೀನು ಸತ್ತಿದ್ದು ಕೇಳ್ತೀಯಲ್ಲಕ್ಕಾ, ತಲೆ ನೆಟ್ಟಗಿದೆ ತಾನೆ?” ಅಂದಳು.

“ಪೂರ್ತಿ ಸತ್ತಿದ್ದು ಬೇಡ ಕಣೇ, ಸಾಯ್ತಾ ಇರೋದು ಕೊಡು” ಅಂದೆ.

ನನ್ನ ಮುಖ ನೋಡಿ ಅವಳು ಮುಂದೆ ತಮಾಷೆ ಮಾಡಲಿಲ್ಲ. ಗಡಿಯಾರದ ಹಿಂದಿನಿಂದ ಬಿಚ್ಚಿ ಕೊಟ್ಟಳು, ಟಾರ್ಚಿನದನ್ನೂ ಕೊಟ್ಟಳು, ಬಂದು ಪಕ್ಕದಲ್ಲಿ ಕೂತಳು. ಒಂದು ಹೊಸದು, ಮೂರು ಹಳೆಯದು, ಎರಡು ಅದು, ಎರಡು ಇದು ಅಂತ ಬದಲಿಸಿ ಬದಲಿಸಿ ಹಾಕಿದೆವು. ಸ್ವಲ್ಪ ಜೀವ ಹೆಚ್ಚಾದರೆ ಅಪ್ಪ ಹಕ್ಕಿಯಾಗುತ್ತಿದ್ದರು, ಕಡಿಮೆಯಾದರೆ ಎತ್ತಾಗುತ್ತಿದ್ದರು. ಮಧ್ಯದಲ್ಲಿ ಎಲ್ಲೋ ಒಂದು ಗಳಿಗೆ ಅವರಾಗುತ್ತಿದ್ದರು. ಮೂರು ದಿನ ಹೀಗೆ, ತುಂಡು ತುಂಡಾಗಿ ಕೇಳಿಸಿಕೊಂಡು, ನಿನ್ನ ಹಳೆಯ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಅವರು ಹುಡುಗನಾಗಿದ್ದಾಗ ದನ ಕಾದವರು, ಅಕ್ಷರ ಬಾರದು. ನಾನು ಶಾಲೆಗೆ ಹೋದವಳು. ನನ್ನ ಓದು ಕೊನೆಗೆ ಈ ಕೆಲಸಕ್ಕೆ ಬಂತು.

ಬರೆದುಕೊಂಡದ್ದನ್ನು ಇಲ್ಲಿ ಇಳಿಸುತ್ತೇನೆ, ಒಂದು ಮಾತೂ ನನ್ನದಲ್ಲ.

“ಡಾಕ್ಟ್ರಿಗೆ ತೋರಿಸಿದ್ರೆ ನಾಳೇನೇ ಬಸ್ಸು ಹತ್ತಿಸಿ ಮನೆಗೆ ಕಳಿಸ್ತಾರೆ, ಮತ್ತೆ ಒಳಗೆ ಬಿಡಲ್ಲ. ಅದಕ್ಕೇ ಮುಚ್ಚಿಟ್ಟಿದೀನಿ. ಪುಲೆಂಗ್‌ದು ಇನ್ನೊಂದು ವರ್ಷ ಓದು ಇದೆ. ಮನೆ ಮೇಲೆ ತಗಡಿಲ್ಲ. ನಾನು ಕೈ ಬೀಸ್ಕೊಂಡು ಬಂದ್ರೆ ನಿಂಗೆ ಭಾರ. ಆದ್ರೂ ಮಾಪುಲೆಂಗ್, ಮನೆಗೆ ಬರಬೇಕು ಅನ್ನಿಸ್ತಿದೆ. ಬೆಳಗಾಗೆದ್ರೆ ನಮ್ಮ ದೊಡ್ಡಿ ವಾಸನೆ ಬಂದಂಗಾಗುತ್ತೆ. ನೀನು ಬಾ ಅಂದ್ರೆ ಬಂದುಬಿಡ್ತೀನಿ. ಬೇರೆ ಏನೂ ಹೇಳ್ಬೇಡ, ಲೆಬೆನ್ಯಾ ಕೈಲಿ ಕಳಿಸೋ ಕ್ಯಾಸೆಟ್ಟಲ್ಲಿ ‘ಬಾ’ ಅಂತ ಒಂದು ಮಾತು ಹೇಳು ಸಾಕು. ಹೇಳ್ದಿದ್ರೆ, ಇರು ಅಂತಿದೀಯಾ ಅಂದ್ಕೊಳ್ತೀನಿ. ಬೇಜಾರು ಮಾಡ್ಕೊಳ್ಳಲ್ಲ. ಮಗೂಗೆ ಇದೆಲ್ಲ ಹೇಳ್ಬೇಡ.”

ಅಲ್ಲಿಗೆ ಕ್ಯಾಸೆಟ್ ಮುಗಿಯುತ್ತದೆ. ಕೊನೆಯಲ್ಲಿ ಎರಡು ಸಲ ಕೆಮ್ಮುತ್ತಾರೆ.

ಮಾಕಬೆಲೊ ಎದ್ದು ನನ್ನ ಒಲೆ ಹಚ್ಚಿದಳು, ಮೆಕ್ಕೆಜೋಳದ ಮುದ್ದೆ ತಿರುವಿ ಸೊಪ್ಪಿನ ಪಲ್ಯದ ಜೊತೆ ತಂದು ಮುಂದಿಟ್ಟಳು. ಅವಳು ಬಾಯಿ ಮುಚ್ಚಿಕೊಂಡು ಇದ್ದದ್ದನ್ನು ಮೂವತ್ತು ವರ್ಷದಲ್ಲಿ ಅವತ್ತೇ ನೋಡಿದ್ದು.

ಹೋದ ಶನಿವಾರ ಲೆಬೆನ್ಯಾ ಚಿಕ್ಕಪ್ಪ ರಜೆಗೆ ಬಂದಿದ್ದ. ಅವನಿಗೂ ಕೇಳಿಸಿದೆ. “ಸೆಲ್ಲು ಸೋತಾಗ ಟೇಪು ನಿಧಾನವಾಗಿ ಸುತ್ತುತ್ತೆ ಅತ್ತಿಗೆ. ಹಾಗೆ ನಿಧಾನವಾಗಿ ತುಂಬಿದ ಮಾತು, ಹೊಸ ಸೆಲ್ಲು ಹಾಕಿದ್ರೆ ಓಡಿಬಿಡುತ್ತೆ. ತುಂಬ್ತಾ ತುಂಬ್ತಾ ಅವನ ಸೆಲ್ಲು ಇಳೀತಾ ಹೋಗಿದೆ, ಅದಕ್ಕೇ ಕೊನೆ ಕೊನೆಗೆ ಹಂಗೆ ಆಗಿರೋದು” ಅಂದ. ಇಷ್ಟು ಸಣ್ಣ ವಿಷಯ. ಅವತ್ತು ಅಂಗಳದಲ್ಲಿ ಅವನೂ ಕೂತಿದ್ದ, ಅವನಿಗೂ ಹೊಳೆಯಲಿಲ್ಲ.

ಹೀಗಿದೆ, ಪುಲೆಂಗ್. ನಿನ್ನ ಅಪ್ಪನಿಗೆ ನಮಗಿಂತ ಗಣಿ ಹೆಚ್ಚಾಗಿರಲಿಲ್ಲ. ಮಗುವಿಗೆ ಹೇಳಬೇಡ ಅಂದಿದ್ದರು, ಅವರ ಮಾತು ಮೀರಿ ಹೇಳುತ್ತಿದ್ದೇನೆ. ಒಂದು ವರ್ಷಕ್ಕೂ ಮೇಲಾಗಿ ನೀನು ಅವರ ಮೇಲೆ ಹೊತ್ತುಕೊಂಡಿರುವ ಸಿಟ್ಟನ್ನು ಇಳಿಸಿಬಿಡು. ಈ ಸಲ ರಜೆಗೆ ಬಂದಾಗ ಗೋರಿಯ ಹತ್ತಿರ ಹೋಗಿ ಎರಡು ಕಲ್ಲು ನೆಟ್ಟಗೆ ಇಟ್ಟು ಮಾತಾಡಿಸಿ ಬಾ. ಹೋದ ವರ್ಷ ಮಣ್ಣು ಮಾಡುವಾಗ ನೀನು ದೂರ ನಿಂತೆ, ನಾನು ನೋಡಿದೆ.

ಉಳಿದ ನಾಲ್ಕು ಸೆಲ್ಲು ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ. ಇನ್ನು ಮೇಲೆ ನನಗೆ ಹೊಸದು ಬೇಡ. ನಿನ್ನ ಶಾಲೆಯ ಟೇಪಿನಲ್ಲಿ ಹಾಕಿ ಮಕ್ಕಳಿಗೆ ಹಾಡು ಕೇಳಿಸು, ಹಾಡು ಎಳೆಯಲು ಶುರುವಾದ ದಿನ ಬಿಚ್ಚಿ ಯಾರ ಕೈಯಲ್ಲಾದರೂ ಕೊಟ್ಟು ಕಳಿಸು. ಸವೆದದ್ದೇ ಬೇಕು. ಅಂಗಡಿಯವನು ಅದನ್ನು ಮಾರುವುದಿಲ್ಲ.

ಚೆನ್ನಾಗಿ ಉಣ್ಣು. ನಿನ್ನ ಶಾಲೆಯಿರುವ ಲೆರಿಬೆಯ ಚಳಿ ಚಳಿಯೇ ಅಲ್ಲವೆಂದು ಕಂಬಳಿ ಇಲ್ಲದೆ ಓಡಾಡಬೇಡ. ನಿನ್ನ ಕೆಲಸ ಗಟ್ಟಿಯಾಗಲಿ, ನಿನ್ನ ಎದೆ ಗಟ್ಟಿಯಾಗಿರಲಿ, ನೂರು ವರ್ಷ ಉಸಿರಾಡು.

ನಿನ್ನ ಅವ್ವ,
ಮಾಪುಲೆಂಗ್

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹಾಗಾದರೆ ಅವ್ವ ಏನು ಉತ್ತರ ಕಳಿಸಿದಳು ಅಂತ ನೀನು ಕೇಳೇ ಕೇಳುತ್ತೀ. ಕಳಿಸಿದ್ದೆ. ಅವತ್ತೇ, ಅದೇ ಅಂಗಳದಲ್ಲಿ, ಎಲ್ಲರನ್ನೂ ಕೂರಿಸಿಕೊಂಡು ಕ್ಯಾಸೆಟ್ ತುಂಬಿ ಲೆಬೆನ್ಯಾ ಕೈಯಲ್ಲಿ ಕೊಟ್ಟೆ. “ಪುಲೆಂಗ್ ಅಪ್ಪಾ, ತಗಡು ಹನ್ನೆರಡು ಬೇಕಾಗುತ್ತೆ ನೋಡಿ. ಆಮೇಲೆ ನೀವು ಹೇಳಿದ್ದೆಲ್ಲ ಕೋಳಿಮರಿ ತಿಂದುಬಿಡ್ತು, ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು! ಅದೇನಿದ್ರೂ ಕ್ರಿಸ್‌ಮಸ್‌ಗೆ ಬಂದಾಗ ಹೇಳಿ” ಅಂದೆ. ಹಿಂದೆ ಎಲ್ಲರೂ ಚಿಂವ್ ಚಿಂವ್ ಅಂದರು. ನಾನು ನಗು ತಡೆಯಲಾರದೆ ನಗುತ್ತಲೇ ಇದ್ದೆ. ಅವರು ಅದೇ ವರ್ಷ ಆಗಸ್ಟಿನಲ್ಲಿ ಹೋದರು.

ಈಗ ನಿನ್ನ ಶಾಲೆಯಲ್ಲಿರುವ ಟೇಪು ಅಪ್ಪನದು. ಅದು ಅವರ ಟ್ರಂಕಿನಲ್ಲಿ ಬಂದಾಗ ಒಳಗೆ ಹೊಸ ಸೆಲ್ಲುಗಳಿದ್ದವು, ‘ಅಪ್ಪ ಬಳಸಿಯೇ ಇಲ್ಲ’ ಅಂತ ನೀನು ಆಶ್ಚರ್ಯಪಟ್ಟಿದ್ದೆ. ಲೆಬೆನ್ಯಾನನ್ನು ಕೇಳಿದೆ. “ನಿಮ್ಮ ಉತ್ತರದಲ್ಲಿ ಒಂದು ಮಾತೂ ತಪ್ಪಬಾರದು ಅಂತ ಅವನು ಭಾನುವಾರ ಹೋಗಿ ತಂದಿದ್ದ ಅತ್ತಿಗೆ. ಒಂದೇ ಸಲ ಕೇಳಿದ. ಏನಂತೆ ಅಂದ್ರೆ, ಮನೇಲಿ ಎಲ್ಲರೂ ನಗ್ತಾ ಇದಾರೆ, ನಗಲಿ ಬಿಡು ಅಂದ. ಆಮೇಲೆ ಟೇಪು ಮುಟ್ಟಲಿಲ್ಲ” ಅಂದ.

ಅವರಿಗೆ ನನ್ನ ನಗು ಸರಿಯಾಗಿಯೇ ಕೇಳಿಸಿತು, ಪುಲೆಂಗ್.