ನೂರನೆಯ ಪಂದ್ಯ

ಅಪ್ಪಾ,

ತಮ್ಮ ಫ್ಲಿನ್ ಸಹಿ ಹಾಕಿಬಿಟ್ಟ, ನಿನ್ನದೇ ಫುಟ್‌ಬಾಲ್ ಕ್ಲಬ್ಬಿಗೆ! ಒಲ್ಲೆ ಎಂದಿದ್ದರೆ ಅವನನ್ನು, ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, ಪರ್ತ್‌ನವರೋ ಬ್ರಿಸ್ಬೇನ್‌ನವರೋ ಎತ್ತಿಕೊಂಡು ಹೋಗುತ್ತಿದ್ದರು. ಈಗ ಮೆಲ್ಬರ್ನ್‌ನಲ್ಲೇ, ಅಮ್ಮನ ಜೊತೆಗೇ! ನೀನು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಇಷ್ಟು ಗದ್ದಲ ಇದೇ ಮೊದಲು.

ನನ್ನ ಗಂಡ ಹ್ಯಾಮಿಶ್ (ಗಂಡ! ಮದುವೆಯಾಗಿ ಹನ್ನೊಂದೇ ದಿನ!) ಎದುರಾಳಿ ಕ್ಲಬ್ಬಿನ ಅಭಿಮಾನಿ. "ಮದುವೆಗೆ ಮುಂಚೇನೇ ಹೇಳೋಕಾಗ್ಲಿಲ್ವಾ?" ಎಂದು ಗೋಳಾಡಿದ.

ಅಪ್ಪ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ ಮಾತ್ರ ಮಗನಿಗೆ ನೇರವಾಗಿ ಅದೇ ಕ್ಲಬ್ಬು ಸೇರುವ ಈ ಅವಕಾಶ. ನೀನು ಆಡಿದ್ದು ಸರಿಯಾಗಿ ನೂರು. ಆ ಕೊನೆಯದು ನನ್ನ ಏಳನೆಯ ಹುಟ್ಟುಹಬ್ಬದಂದು. ಹೋಗಬೇಡವೆಂದು ಬಾಗಿಲಿಗೆ ಅಡ್ಡ ನಿಂತು ಅತ್ತಿದ್ದೆ.

"ಅಕ್ಕಾ, ಅವತ್ತು ನೀನು ಗೆದ್ದಿದ್ರೆ ನನ್ನ ಕಥೆ ಮುಗೀತಿತ್ತು ಕಣೇ!" ಎಂದ ಫ್ಲಿನ್. ಎಲ್ಲರೂ ನಕ್ಕರು, ನಾನೇ ಎಲ್ಲರಿಗಿಂತ ಜೋರಾಗಿ.

ನನ್ನನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿ ಹೋದೆಯಲ್ಲ, ಒಳ್ಳೆಯದು ಮಾಡಿದೆ ಅಪ್ಪಾ.

ಟೆಸ್