ಹನುಮಕ್ಕನಿಗೆ ಬರೆ ಹಾಕಬೇಡಿ

ಶಿರಾ, 1984

ಮಿಡಿಗೇಶಿಯ ಮೂಡಲಗಿರಿಯಪ್ಪನವರಿಗೆ,

ನಿಮ್ಮ ಹೆಸರನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಗಂಡನ ಹೆಸರು ಬಾಯಲ್ಲಿ ಬರಬಾರದೆಂಬ ಕಟ್ಟು ನನಗೀಗ ಇಲ್ಲ. ವಾಪಸು ಕರೆಸಿಕೊಳ್ಳಿ ಎಂದು ಕೇಳಲು ಬರೆದಿದ್ದಾಳೆಂದು ಹೆದರಬೇಡಿ.

ಬಸಿರು ಇಳಿದು ಜ್ವರ ಏರಿದಾಗ ಸ್ಕೂಟರಿನಲ್ಲಿ ಊರೂರು ತಿರುಗುವ ಆ ಡಾಕ್ಟರನ್ನು ಕರೆಸಿದಿರಿ. ಅದನ್ನು ತಪ್ಪೆನ್ನಲಾರೆ. ಆತ ಜೆಂಟಾಮೈಸಿನ್ ಸೂಜಿ ಚುಚ್ಚಿದ, ಜ್ವರ ಬಿಟ್ಟಿತು. ಬಿಟ್ಟ ಮೇಲೂ ಇರಲಿ ಎಂದು ಚುಚ್ಚುತ್ತಲೇ ಹೋದ. ನನ್ನ ತುಟಿ ಜುಮ್ಮೆನ್ನತೊಡಗಿತು. ಒಂದು ಬೆಳಿಗ್ಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತು. ಬಿಡಿಸಲು ನೋಡಿದೆ, ಆಗಲಿಲ್ಲ. ನಿಮ್ಮ ತಾಯಿ ಈರಕ್ಕ ಬಾಗಿಲಲ್ಲೇ ನಿಂತು ಹೇಳಿದರು: "ಗಾಳಿ ಹಿಡ್ಕಂಡೈತೆ ಕಣ್ಲಾ, ಬರೆ ಇಕ್ಕುದ್ರೆ ಬುಟ್ಟೋಗ್ತೈತೆ."

ನಿಮ್ಮ ಕಡೆ ನೋಡಿದೆ. ನೀವು ತಲೆ ತಗ್ಗಿಸಿದಿರಿ. ಕುಡುಗೋಲು ಕಾಯಿಸಿ ತಂದರು. ಧಾರೆಯ ದಿನ ನನ್ನ ಕೈ ಹಿಡಿದವರೇ ಅವತ್ತೂ ಹಿಡಿದಿರಿ, ಅಲುಗಾಡದ ಹಾಗೆ.

ಸುದ್ದಿ ತಿಳಿದು ನಮ್ಮಣ್ಣ ಕ್ಯಾತಪ್ಪ ಬಂದು ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ದ. ಮೊದಲು ಹೋದ ಕಡೆ ಕ್ಯಾಲ್ಸಿಯಂ ಹಾಕಿದರು. ಬೆರಳು ಬಿಚ್ಚಿದವು, ಸಂಜೆಗೆ ಮತ್ತೆ ಮಡಚಿದವು. ಬೆಂಗಳೂರಿನಲ್ಲಿ ರಕ್ತ ನೋಡಿದ ಡಾಕ್ಟರಮ್ಮ, ಔಷಧಿಯಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಮೈಯಲ್ಲಿ ಉಳಿಯಬೇಕಾದ ಲವಣಗಳೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿವೆ ಎಂದರು. ಮೆಗ್ನೀಷಿಯಂ ತುಂಬದೆ ಕ್ಯಾಲ್ಸಿಯಂ ಎಷ್ಟು ಹಾಕಿದರೂ ನಿಲ್ಲುವುದಿಲ್ಲವಂತೆ. ಅದನ್ನೂ ಪೊಟ್ಯಾಷಿಯಮ್ಮನ್ನೂ ಸಲೈನಿನಲ್ಲಿ ಹನಿಹನಿಯಾಗಿ ಕೊಟ್ಟರು. ಕೈ ನೆಟ್ಟಗಾಯಿತು.

ಆ ಕೈಯನ್ನು ನಿಮಗೆ ತೋರಿಸಬೇಕೆಂದು ಮಿಡಿಗೇಶಿ ಬಸ್ಸು ಹತ್ತಿ ಬಂದೆ. ನಿಮ್ಮ ಬಾಗಿಲಿಗೆ ಹಸಿ ತೋರಣ ಕಟ್ಟಿತ್ತು. ಅಂಗಳದಲ್ಲಿ ಅರಿಶಿನದ ಸೀರೆಯುಟ್ಟು ನಿಮ್ಮ ಹೊಸ ಹೆಂಡತಿ ಹನುಮಕ್ಕ ನಿಂತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ಬಿಸ್ಲಾಗೆ ಬಂದಿದೀಯ, ಕುಂತ್ಕಳಕ್ಕ" ಎಂದು ನೀರು ಕೊಟ್ಟಳು. ನೀವು ಒಳಗಿನಿಂದ ಹೊರಗೆ ಬರಲೇ ಇಲ್ಲ.

ನಿನ್ನೆ ಶಿರಾ ಸಂತೆಯಲ್ಲಿ ನಿಮ್ಮೂರಿನ ತಿಮ್ಮರಾಯಪ್ಪ ಸಿಕ್ಕಿದ. ಹನುಮಕ್ಕನಿಗೂ ಜ್ವರವಂತೆ, ಅದೇ ಡಾಕ್ಟರಂತೆ, ಅದೇ ಸೂಜಿಯಂತೆ. ಈಗ ಅವಳ ಬೆರಳೂ ಮಡಚಿಕೊಳ್ಳುತ್ತಿವೆಯಂತೆ. ಮೊದಲನೆಯವಳೇ ಗಾಳಿಯಾಗಿ ಬಂದು ಹಿಡಿದಿದ್ದಾಳೆ ಎಂದು ನಿಮ್ಮ ತಾಯಿ ಊರೆಲ್ಲ ಹೇಳುತ್ತಿದ್ದಾರಂತೆ. ನಾನಿನ್ನೂ ಬದುಕಿದ್ದೇನೆ, ಮೂಡಲಗಿರಿಯಪ್ಪನವರೇ. ಸತ್ತವರಿಗೂ ನಿಮ್ಮ ಮನೆಗೆ ಮತ್ತೆ ಬರುವ ಆಸೆ ಇರಲಾರದು.

ಅವಳಿಗೆ ಬರೆ ಹಾಕಬೇಡಿ. ಸೂಜಿ ಇವತ್ತೇ ನಿಲ್ಲಿಸಿ. ಯಾವ ಔಷಧಿ ಕೊಟ್ಟಿದ್ದರೆಂದು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಮೆಗ್ನೀಷಿಯಂ ನೋಡಿ ಎಂದು ಕೇಳಬೇಕು. ನಿಮ್ಮಿಂದ ಅಷ್ಟೂ ಆಗದೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಅಂಚೆಗೆ ಹಾಕಲಿಲ್ಲ. ಕ್ಯಾತಪ್ಪ ಈ ಕಾಗದವನ್ನು ನಿಮ್ಮ ಕೈಗಿಡುವಾಗ ಬಾಡಿಗೆ ಕಾರು ನಿಮ್ಮ ಬೀದಿಯಲ್ಲೇ ನಿಂತಿರುತ್ತದೆ. ಹನುಮಕ್ಕನನ್ನು ಅದರಲ್ಲಿ ಹತ್ತಿಸಿ. ಅವಳ ತಲೆಗೆ ತೊಡೆ ಕೊಡಲು ನಾನು ಒಳಗೆ ಕೂತಿರುತ್ತೇನೆ. ನೀವು ಬರಬೇಕಾಗಿಲ್ಲ.

ಅವಳಿಗೆ ಆಯುಸ್ಸು ಗಟ್ಟಿಯಾಗಿರಲಿ. ನಿಮ್ಮನ್ನು ಹರಸಲು ನನಗೆ ನಾಲಿಗೆ ಏಳುತ್ತಿಲ್ಲ.

ಇಂತಿ,
ಪುಟ್ಟಕ್ಕ