ಬಂಡೆಯ ಮೇಲೆ ಆಡಿದ ಮಾತು

ಸೋಡರ್‌ಟೆಲ್ಯೆ, ಸ್ವೀಡನ್, ಜೂನ್

ಅಶ್ವತ್ಥ ಅವರೇ,

ಈ ಬೇಸಿಗೆಯಲ್ಲೂ ಗೆಳೆಯರನ್ನು ಕಟ್ಟಿಕೊಂಡು ಉತ್ತರದ ಕಣಿವೆಗಳಿಗೆ ಹೊರಟಿದ್ದೀರಂತೆ. ಕಾರಿನಲ್ಲಿ ನನಗೂ ದಿಯಾಗೂ ಜಾಗ ಇಡಿ.

ಹೋದ ವರ್ಷ ನನ್ನ ಗಂಡ ಮುಳುಗಿದ ಮಡುವಿನ ಹತ್ತಿರ ನಿಲ್ಲಿಸಬೇಕು. ಕಾಲು ಜಾರಿತು ಎಂದು ನೀವು ಪೊಲೀಸರಿಗೂ ಹೇಳಿದಿರಿ, ಸಂತಾಪ ಸಭೆಯಲ್ಲೂ ಹೇಳಿದಿರಿ. ನಾನು ಆ ಬಂಡೆಯ ಮೇಲೇ ಚಿತ್ರಾನ್ನ ಬಡಿಸುತ್ತಿದ್ದೆ. ನನ್ನ ಕಿವಿ ಚೆನ್ನಾಗಿದೆ.

"ಇಳಿಯೋ ನಂದು, ಇದೇನು ನಿಮ್ಮೂರ ಬಾವೀನಾ? ಇಲ್ಲಿ ನಿನ್ನ ಯಾರೂ ಓಡ್ಸಲ್ಲ" ಅಂದಿರಿ. ಎಲ್ಲರೂ ನಕ್ಕರು. ನನ್ನವರೂ ನಕ್ಕರು. ನಗುತ್ತಲೇ ಹಾರಿದರು.

ಚಿಕ್ಕಂದಿನಲ್ಲಿ ಮೇಲಿನ ಕೇರಿಯ ಬಾವಿಗೆ ಇಳಿದು ಹೊಡೆಸಿಕೊಂಡದ್ದನ್ನು ಅವರು ಫೀಕಾದ ಕಾಫಿ ಹೊತ್ತಿನಲ್ಲಿ ನಿಮ್ಮನ್ನು ನಂಬಿ ಹೇಳಿಕೊಂಡಿದ್ದರು. ಆ ಹೊಡೆತದ ಮೇಲೆ ಅವರು ಯಾವ ನೀರಿಗೂ ಇಳಿಯಲಿಲ್ಲ, ಈಜು ಕಲಿಯಲಿಲ್ಲ. ಅಷ್ಟು ಜನರ ಮುಂದೆ ಅದನ್ನೆಲ್ಲ ಬಿಡಿಸಿ ಹೇಳುವುದಕ್ಕಿಂತ ಹಾರುವುದೇ ಅವರಿಗೆ ಸುಲಭ ಅನ್ನಿಸಿತು.

ದಿಯಾ ಆಗ ಕಾರಿನಲ್ಲಿ ಮಲಗಿದ್ದಳು. ಈಗ ಕೇಳುತ್ತಾಳೆ, "ಸ್ವಿಮ್ಮಿಂಗ್ ಬರಲ್ಲ ಅಂತ ಗೊತ್ತಿದ್ದೂ ಜಂಪ್ ಮಾಡಿದ್ರಾ? ಪಪ್ಪ ಸ್ಟುಪಿಡ್ ಇದ್ರಾ ಅಮ್ಮ?"

ಶಾಲೆಯಲ್ಲಿ ಕಲಿತ ಈಜನ್ನು ಅವಳೇ ನನಗೆ ಕಲಿಸಿದ್ದಾಳೆ. ಈಜುಕೊಳದಲ್ಲಿ ತಲೆ ಮುಳುಗಿಸಿದಾಗಲೆಲ್ಲ ನೀರಿನೊಳಗಿಂದ ಅವರ ಆ ನಗು ಕೇಳುತ್ತದೆ. ಆದರೂ ಆ ಮಡುವಿಗೆ ಇಳಿಯುತ್ತೇನೆ. ನೀವು ಬಂಡೆಯ ಮೇಲೆ ನಿಂತು, ಅಂದು ಆಡಿದ ಮಾತನ್ನು ಆಡಿದ ಹಾಗೆಯೇ ನನ್ನ ಮಗಳಿಗೆ ಹೇಳಬೇಕು.

ಚಿತ್ರಾನ್ನ ನಾನೇ ತರುತ್ತೇನೆ. ಅಂದು ನಕ್ಕವರೆಲ್ಲ ಬರಲಿ.

ನಂದಕುಮಾರರ ಹೆಂಡತಿ,
ಶಕುಂತಲಾ